ಮೀನಿಗಿಲ್ಲದ ಎಸಿ ನಮಗೆ ಯಾಕೆ?

ಮೇ ತಿಂಗಳ ಮಧ್ಯಾಹ್ನ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಕರೆಂಟ್ ಇಲ್ಲ. ಹಾಲಿಗೆ ಎಸಿ ಹಾಕಿಸುವ ಮಾತು ಹಿಂದಿನ ರಾತ್ರಿಯಷ್ಟೇ ಎದ್ದು ಬಿದ್ದಿತ್ತು. ಆಗಲೇ ಕುಟುಂಬದ ಗ್ರೂಪಿಗೆ ಈ ಫಾರ್ವರ್ಡ್ ಬಂತು.

ದೊಡ್ಡಪ್ಪ: ಅಮೆರಿಕದ ಮರುಭೂಮಿಯಲ್ಲಿ ಕುದಿಯುವ ನೀರಲ್ಲಿ ಮೀನು ಬದುಕುತ್ತದೆ. ನಮಗೆ ಮಾತ್ರ ಎಸಿ ಬೇಕು. ತಾಳಿದವನು ಬಾಳಿಯಾನು 🙏

ಕಿರಣ: ಕುದಿಯುವ ನೀರಾ? ಯಾರು ಹೇಳಿದ್ದು?

ದೊಡ್ಡಪ್ಪ: ವಿಡಿಯೋ ನೋಡು.

ಕಿರಣ: ನೋಡಿದೆ. ಅದು ನೆವಾಡಾದ ಡೆವಿಲ್ಸ್ ಹೋಲ್, ಬಂಡೆ ಬಿರುಕಿನ ಹೊಂಡ. ನೀರು 33 ಡಿಗ್ರಿ ಆಸುಪಾಸು. ನಮ್ಮ ಟೆರೇಸ್ ಟಾಂಕಿಯೇ ಇವತ್ತು ಅದಕ್ಕಿಂತ ಬಿಸಿ ಇದ್ದೀತು.

ಶೋಭಾ ಅತ್ತೆ: ಸಾರಿಗೆ ಆಗುತ್ತಾ?

ಕಿರಣ: ಒಂದು ಇಂಚು ಉದ್ದ ಅತ್ತೆ. 2013ರಲ್ಲಿ ಎಣಿಸಿದಾಗ ಒಟ್ಟು 35 ಇದ್ದವು.

ಶೋಭಾ ಅತ್ತೆ: ಬೇಡ ಬಿಡು. ಬಂಗುಡೆಯೇ ಸರಿ.

ಪ್ರಕಾಶಣ್ಣ: ಊರಿನ ತೋಡಲ್ಲಿ ಬೈರಾಸು ಹಿಡಿದು ಮೀನು ಹಿಡೀತಿದ್ದೆವಲ್ಲ! ಬೈರಾಸು ಹರಿದದ್ದು ಕಿರಣ. ಅಜ್ಜಿಯಿಂದ ಪೆಟ್ಟು ತಿಂದದ್ದು ನಾನು.

ಕಿರಣ: ಅದು ಮೊದಲೇ ಹರಿದಿತ್ತು.

ಬೈರಾಸಿನ ಮೇಲೆಯೇ ಹನ್ನೊಂದು ಮೆಸೇಜು. ಅವನ್ನು ಇಲ್ಲಿ ಬಿಟ್ಟಿದ್ದೇನೆ.

ದೊಡ್ಡಪ್ಪ: ವಿಷಯಕ್ಕೆ ಬನ್ನಿ. ಆ ಮೀನು ಸೆಕೆ ಅಂತ ಗೊಣಗುತ್ತದಾ?

ಕಿರಣ: ತಾಳೋದು ಬೇರೆ, ಹಿತ ಅನ್ನಿಸೋದು ಬೇರೆ ದೊಡ್ಡಪ್ಪ. ಒಂದು ಕಡೆ ಬಿಸಿ, ಒಂದು ಕಡೆ ತಂಪು ಇರೋ ನೀರಲ್ಲಿ ಬಿಟ್ಟರೆ ಮೀನು ತನಗೆ ಬೇಕಾದ ಕಡೆ ಹೋಗುತ್ತದೆ. ಡೆವಿಲ್ಸ್ ಹೋಲ್ ಮೀನಿಗೆ ಹೋಗೋಕೆ ಬೇರೆ ಜಾಗವೇ ಇಲ್ಲ. ನೀರು ಬಿಸಿಯಾದಷ್ಟೂ ಆಕ್ಸಿಜನ್ ಕಡಿಮೆ. ಬೆಳೆದ ಮೀನು ಹೇಗೋ ತಾಳುತ್ತದೆ, ಮೊಟ್ಟೆಗೆ ಕಷ್ಟ. ಇದು ಸಾಲದು ಅಂತ ಸುತ್ತಲಿನ ಬುಗ್ಗೆಗಳಿಗೆ ಗ್ಯಾಂಬೂಸಿಯಾ ಅನ್ನೋ ಹೊರಗಿನ ಮೀನು ಬೇರೆ ಸೇರಿದೆ. ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮಲ್ಲೂ ಬಾವಿಗೆ ಬಿಡ್ತಾರಲ್ಲ, ಅದೇ. ಅದೂ ಬಿಸಿಗೆ ಜಗ್ಗಲ್ಲ. ಅಲ್ಲಿನ ಮೀನುಗಳ ಮರಿಗಳನ್ನೂ ತಿನ್ನುತ್ತದೆ.

ದೊಡ್ಡಪ್ಪ: ಹೊರಗಿನವರನ್ನು ಸೇರಿಸಿಕೊಂಡರೆ ಹೀಗೇ.

ಪ್ರಕಾಶಣ್ಣ: ನಾವು ಕುಂದಾಪುರದಿಂದ ಇಲ್ಲಿಗೆ ಬಂದಾಗ ಪಕ್ಕದ ಮನೆಯವರೂ ಇದನ್ನೇ ಹೇಳಿದ್ದು, ಅಲ್ವಾ?

ಯಾರೂ ಉತ್ತರಿಸಲಿಲ್ಲ. ಅರ್ಧ ಗಂಟೆಯಾದ ಮೇಲೆ, ಗ್ರೂಪಿನಲ್ಲಿ ಹೂವಿನ ಚಿತ್ರ ಬಿಟ್ಟು ಬೇರೇನೂ ಹಾಕದ ದೊಡ್ಡಮ್ಮ ಬರೆದರು.

ದೊಡ್ಡಮ್ಮ: ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಕೇಳಿದ್ದು 2009ರಲ್ಲಿ.

ದೊಡ್ಡಪ್ಪ ಫಾರ್ವರ್ಡ್ ಡಿಲೀಟ್ ಮಾಡಿದರು.

ಶೋಭಾ ಅತ್ತೆ: ಏನು ಡಿಲೀಟ್ ಆಯ್ತು? ನಾನಿನ್ನೂ ನೋಡಿಯೇ ಇಲ್ಲ.