ಪೌಡರ್ ಮೆಷರ್‌ಗೆ ಕಡಿಮೆ ಖರ್ಚಲ್ಲಿ ನಾಬ್ ಹಾಕೋದು ಹೇಗೆ?

ಡಲ್ಲಾಸ್_ದೇಸಾಯಿ

ಎಲ್ಲರಿಗೂ ನಮಸ್ಕಾರ. ಖಾಲಿ ಕೇಸ್‌ಗಳಿಗೆ (ತೋಟೆಯ ಲೋಹದ ಕವಚ) ಮತ್ತೆ ಮದ್ದು, ಗುಂಡು ತುಂಬಿ ಮನೆಯಲ್ಲೇ ತೋಟೆ ಮಾಡಿಕೊಳ್ಳಲು ಡಿಲ್ಲನ್ 550 ಪ್ರೆಸ್ ಇದೆ, ಕೇಸ್‌ಗೆ ಮದ್ದು ಅಳೆದು ಸುರಿಯುವ ಪೌಡರ್ ಮೆಷರ್ ಒಂದೇ. 9 ಎಂಎಂಗೆ ಎರಡು ಬೇರೆ ಬೇರೆ ಗುಂಡಿನ ತೂಕಕ್ಕೆ ಲೋಡ್ ಮಾಡುವುದರಿಂದ ಪದೇ ಪದೇ ಪೌಡರ್ ಬಾರ್‌ನ (ಮೆಷರ್‌ನಲ್ಲಿ ಮದ್ದಿನ ಅಳತೆ ಹಿಡಿದು ಜಾರುವ ಪಟ್ಟಿ) ಹೊಂದಿಸುವ ಬೋಲ್ಟ್ ತಿರುಗಿಸಬೇಕಾಗುತ್ತದೆ. ಪ್ರತಿ ಸಲ 7/16 ಇಂಚಿನ ಸ್ಪ್ಯಾನರ್ ಹಿಡಿದು ಅಂದಾಜಿನ ಮೇಲೆ ಕಾಲು ಸುತ್ತು, ಅರ್ಧ ಸುತ್ತು ಅಂತ ತಿರುಗಿಸೋದು ರೇಜಿಗೆ. ಮಾರುಕಟ್ಟೆಯ ಮೈಕ್ರೋಮೀಟರ್ ಕಿಟ್ ದುಬಾರಿ ಅನಿಸುತ್ತದೆ. ಬೋಲ್ಟ್ ತಲೆಗೆ ಅಗ್ಗದ ನಾಬ್ ಕೂರಿಸಿ, ಮೇಲೆ ಗುರುತು ಹಾಕಿಕೊಂಡರೆ ಸಾಕೇ? ಯಾವ ವಸ್ತು, ಯಾವ ಅಂಟು, ಎಲ್ಲಿ ಕೈಕೊಡುತ್ತದೆ, ಬಲ್ಲವರು ತಿಳಿಸಿ.

ಗುರಿಕಾರ

ಧಾರಾಳವಾಗಿ ಸಾಕು. ಆದರೆ ಕೆಲಸ ಶುರು ಮಾಡುವ ಮೊದಲು ಹಾಪರ್ (ಮೆಷರ್ ಮೇಲಿನ ಮದ್ದಿನ ಡಬ್ಬ) ಪೂರ್ತಿ ಖಾಲಿ ಮಾಡಿ, ಮದ್ದನ್ನು ಅದರದೇ ಡಬ್ಬಿಗೆ ವಾಪಸ್ ಹಾಕಿ. ಬಾರ್ ಬಿಚ್ಚಿ ಬೋಲ್ಟನ್ನು ಹೊರಗೆ ತೆಗೆದು ಬೇರೆ ಮೇಜಿನ ಮೇಲೆ ಕೆಲಸ ಮಾಡಿ. ಉಜ್ಜಿದ ಲೋಹದ ಪುಡಿ ಮೆಷರ್ ಒಳಗೆ ಹೋಗಬಾರದು. ಮದ್ದು ಇರುವ ಕಡೆ ಹೀಟ್ ಗನ್, ಬೆಸುಗೆ ಕಡ್ಡಿ ಬೇಡವೇ ಬೇಡ.

ಸುಲಭದ ದಾರಿ 3ಡಿ ಪ್ರಿಂಟ್. 7/16 ಇಂಚು ಅಂದರೆ 11.11 ಮಿ.ಮೀ. ನಾಬ್‌ನಲ್ಲಿ ಬೋಲ್ಟ್ ತಲೆ ಕೂರುವ ಆರು ಮೂಲೆಯ ಗುಂಡಿಯನ್ನು 11.3 ಮಿ.ಮೀ. ಇಟ್ಟು ಒಂದು ತುಂಡು ಪ್ರಿಂಟ್ ಮಾಡಿ ನೋಡಿ. ಬಿಗಿಯಾದರೆ 0.1 ಹೆಚ್ಚಿಸಿ. ಗುಂಡಿಯ ಬಾಯಿ ಪ್ರಿಂಟರ್ ತಟ್ಟೆಯ ಕಡೆ ಇದ್ದರೆ ಮೊದಲ ಪದರ ಅಗಲವಾಗಿ ಹರಡಿ ಬಾಯಿ ಕಿರಿದಾಗುತ್ತದೆ. ಅಂಚಿಗೆ ಅರ್ಧ ಮಿ.ಮೀ. ಓರೆ ಕೊಟ್ಟರೆ ಆ ತೊಂದರೆ ಇಲ್ಲ. ಹೊರ ವ್ಯಾಸ 25 ಮಿ.ಮೀ. ಸಾಕು, ಸುತ್ತ ಹಿಡಿತಕ್ಕೆ ಗೀರುಗಳಿರಲಿ. ಪಿಎಲ್ಎ ಪ್ಲಾಸ್ಟಿಕ್ ನಡೆಯುತ್ತದೆ, ಆದರೆ ಬೇಸಿಗೆಯಲ್ಲಿ ಟೆಕ್ಸಾಸ್ ಗ್ಯಾರೇಜ್ ಕಾಯುವುದು ನೋಡಿದರೆ ಶಾಖ ಹೆಚ್ಚು ತಾಳುವ ಪಿಇಟಿಜಿ ಒಳ್ಳೆಯದು.

ಪ್ರಿಂಟರ್ ಇಲ್ಲದಿದ್ದರೆ ಬೋಲ್ಟನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು, ತಲೆಯ ಮೇಲೆ ಕೂರುವ ಪ್ಲಾಸ್ಟಿಕ್ ನಾಬ್ ಹುಡುಕಿ. ಬೋಲ್ಟನ್ನೇ ಬದಲಿಸುವ ಆಸೆ ಬೇಡ. ಉದ್ದ, ಥ್ರೆಡ್, ತುದಿಯ ಆಕಾರ ಯಾವುದೇ ಒಂದು ವ್ಯತ್ಯಾಸವಾದರೂ ಬಾರ್‌ನ ಜಾರುವ ತುಂಡು ಸರಿಯಾಗಿ ಚಲಿಸುವುದಿಲ್ಲ.

ಅಂಟಿಗೆ ಎರಡು ಭಾಗದ ಎಪಾಕ್ಸಿ. ಬೋಲ್ಟ್ ತಲೆಯನ್ನು ಮರಳು ಕಾಗದದಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಎಣ್ಣೆ ಒರೆಸಿ, ಕಡಲೆ ಕಾಳಿನಷ್ಟು ಹಚ್ಚಿ, ಒಂದು ದಿನ ಮುಟ್ಟದೆ ಬಿಡಿ. ಹೆಚ್ಚು ಹಚ್ಚಿದರೆ ಥ್ರೆಡ್ ಕಡೆಗೆ ಇಳಿಯುತ್ತದೆ, ಅದಕ್ಕೇ ತಲೆ ಕೆಳಗೆ ಮಾಡಿ ಒಣಗಿಸಿ. ಥ್ರೆಡ್‌ಗೆ ಥ್ರೆಡ್‌ಲಾಕರ್ (ಬೋಲ್ಟ್ ತಿರುಗದಂತೆ ಹಿಡಿಯುವ ಅಂಟು) ಹಾಕಲೇಬಾರದು.

ಹುಬ್ಬಳ್ಳಿ_ಬೆಂಚ್

ಗುರಿಕಾರ ಅವರು ಹೇಳಿದ್ದು ಬರೋಬ್ಬರಿ ಐತ್ರಿ. ಎರಡು ಮಾತು ಸೇರಿಸ್ತೀನಿ.

ನಾಬ್ ಹಗುರ ಇರಬೇಕು. ಹಿತ್ತಾಳೆ ನಾಬ್ ಚಂದ ಕಾಣ್ತದ, ಆದ್ರ ಪ್ರತಿ ಸ್ಟ್ರೋಕ್‌ಗೂ ಬಾರ್ ಮುಂದ ಹೋಗಿ ಠಪ್ ಅಂತ ನಿಲ್ತದ. ಭಾರ ಇದ್ದಷ್ಟೂ ಆ ಏಟಿಗೆ ಬೋಲ್ಟ್ ತಾನೇ ತಿರುಗೋ ಸಂಭವ ಜಾಸ್ತಿ. ರೆಕ್ಕೆ ಇರೋ ನಾಬ್ ಇನ್ನೂ ಕೆಟ್ಟದ್ದು, ಒಂದ ಕಡೆ ತೂಕ ಇರ್ತದ. ದುಂಡಗಿನದ ಹಾಕ್ರಿ. ನಾಬ್‌ಗೂ ಬಾರ್‌ಗೂ ನಡುವ ತೆಳ್ಳನೆ ಓ-ರಿಂಗ್ ಹಾಕಿದ್ರ ಸ್ವಲ್ಪ ಬಿಗಿ ಬರ್ತದ. ಬಿಗಿ ಅತಿಯಾದ್ರ ಬೋಲ್ಟ್ ಎಷ್ಟು ತಿರುಗ್ತು ಅನ್ನೋದು ಕೈಗೇ ತಿಳಿಯೂದಿಲ್ಲ.

ಹಾಕಿದ ಮ್ಯಾಲೆ ಮದ್ದು ಇಲ್ಲದ, ಕೇಸ್ ಇಟ್ಟು ಹ್ಯಾಂಡಲ್ ನಿಧಾನ ಪೂರ್ತಿ ಕೆಳಗ ತಂದು ಬಿಡ್ರಿ. ನಾಬ್ ಎಲ್ಲೂ ತಾಗಬಾರದು, ಸುತ್ತ 3 ಮಿ.ಮೀ. ಜಾಗ ಇರಬೇಕು. ತಾಗಿದ್ರ ಬಾರ್ ಪೂರ್ತಿ ಹಿಂದ ಬರೂದಿಲ್ಲ, ಮುಂದಿನ ಕೇಸ್‌ಗೆ ಮದ್ದು ಕಡಿಮಿ ಬೀಳ್ತದ. ಕಡಿಮಿ ಮದ್ದು ಅಂದ್ರ ಗುಂಡು ಬ್ಯಾರಲ್‌ನ್ಯಾಗ ಸಿಕ್ಕಿಕೊಳ್ಳೂದು, ಹಿಂದ ಇನ್ನೊಂದು ಗುಂಡು ಹಾರಿಸಿದ್ರ ಬ್ಯಾರಲ್ಲೇ ಉಬ್ಬತದ ಇಲ್ಲಾ ಸೀಳತದ.

ಡಲ್ಲಾಸ್_ದೇಸಾಯಿ

ತುಂಬಾ ಉಪಕಾರವಾಯಿತು. ಗುರುತುಗಳ ಬಗ್ಗೆ? ನಾಬ್ ಸುತ್ತ 20 ಗೆರೆ ಹಾಕಿ, ಎರಡು ಲೋಡ್‌ಗೂ ಸಂಖ್ಯೆ ಬರೆದಿಟ್ಟುಕೊಂಡರೆ ನೇರವಾಗಿ ಅಲ್ಲಿಗೇ ತಿರುಗಿಸಿ ಲೋಡ್ ಮಾಡಬಹುದೇ?

ಗ್ರೇನ್_ಲೆಕ್ಕ

ಸಂಖ್ಯೆ ನಿಮ್ಮನ್ನು ಹತ್ತಿರಕ್ಕೆ ಒಯ್ಯುತ್ತದೆ, ಅಷ್ಟೆ. ಲೋಡ್ ಮಾಡಲು ಅನುಮತಿ ಕೊಡುವುದು ತಕ್ಕಡಿ ಮಾತ್ರ.

ಕಾರಣ ಇದು: ಮೆಷರ್ ಅಳೆಯುವುದು ಗಾತ್ರವನ್ನು, ನಮಗೆ ಬೇಕಿರುವುದು ತೂಕ. ಬಾರ್‌ನಲ್ಲಿ ಮದ್ದು ತುಂಬುವ ಗುಂಡಿಯ ಅಗಲ, ಎತ್ತರ ಬದಲಾಗುವುದಿಲ್ಲ, ಬೋಲ್ಟ್ ಅದರ ಉದ್ದವನ್ನಷ್ಟೇ ಬದಲಿಸುತ್ತದೆ. ಹಾಗಾಗಿ ಒಂದೇ ಬಾರ್‌ನಲ್ಲಿ ಪ್ರತಿ ಸುತ್ತಿಗೂ ಸೇರುವ ಗಾತ್ರ ಒಂದೇ. ಆದರೆ ಮದ್ದಿನ ಹೊಸ ಡಬ್ಬಿ ತೆರೆದರೆ ಅದೇ ಗಾತ್ರಕ್ಕೆ ತೂಕ ಬೇರೆ ಬರಬಹುದು. ದೊಡ್ಡ ಬಾರ್ ಹಾಕಿದರೆ ಲೆಕ್ಕವೇ ಬೇರೆ, ಒಂದು ಸುತ್ತಿಗೆ ಹೆಚ್ಚು ಮದ್ದು ಸೇರುತ್ತದೆ.

ನಿಮ್ಮ ಬಾರ್‌ಗೆ ಒಂದು ಗೆರೆ ಅಂದರೆ ಎಷ್ಟು ಅಂತ ಹೀಗೆ ಕಂಡುಹಿಡಿಯಿರಿ. ಹಾಪರ್ ಅರ್ಧಕ್ಕಿಂತ ಮೇಲಿರಲಿ. ಮೊದಲ ಹತ್ತು ಸುರಿವನ್ನು ಹಾಪರ್‌ಗೇ ಹಾಕಿ, ಮದ್ದು ಕೂತುಕೊಳ್ಳಲಿ. ಆಮೇಲೆ ಹತ್ತು ಸುರಿವನ್ನು ತಕ್ಕಡಿ ಬಟ್ಟಲಿಗೆ ಒಟ್ಟಿಗೆ ಹಾಕಿ ತೂಗಿ. ಒಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಅದೇ ಕ್ರಮ. ಬರೀ ಲೆಕ್ಕ ತೋರಿಸಲು ಹೇಳುತ್ತೇನೆ, ಇದನ್ನು ಲೋಡ್ ಮಾಹಿತಿ ಅಂತ ಹಿಡಿಯಬೇಡಿ: ಹತ್ತು ಸುರಿವಿಗೆ ಮೊದಲು 41.0 ಗ್ರೇನ್ (ಮದ್ದು ತೂಗುವ ಚಿಕ್ಕ ಅಳತೆ), ಆಮೇಲೆ 46.0 ಬಂದರೆ ಒಂದು ಸುತ್ತಿಗೆ ಸುರಿವೊಂದಕ್ಕೆ 0.5 ಗ್ರೇನ್. 20 ಗೆರೆ ಇದ್ದರೆ ಗೆರೆಗೆ 0.025. ನಮ್ಮ ಬಹುಪಾಲು ತಕ್ಕಡಿಗಳು 0.1 ಗ್ರೇನ್‌ಗಿಂತ ಚಿಕ್ಕದನ್ನು ತೋರಿಸುವುದೇ ಇಲ್ಲ. ಹತ್ತು ಗೆರೆ ಹಾಕಿ ಸಾಕು, ಓದಲೂ ಸುಲಭ. ಈ ಪರೀಕ್ಷೆಯ ಮದ್ದು ಬಟ್ಟಲಿಂದ ಹಾಪರ್‌ಗೇ ಹೋಗಬೇಕು, ಕೇಸ್‌ಗಲ್ಲ.

ಇನ್ನೊಂದು ಮುಖ್ಯ ವಿಷಯ ಬ್ಯಾಕ್‌ಲ್ಯಾಶ್. ಥ್ರೆಡ್‌ನಲ್ಲಿ ಸಡಿಲ ಇದ್ದೇ ಇರುತ್ತದೆ. ಹೆಚ್ಚಿಸುತ್ತಾ ಬಂದು 6ನೇ ಗೆರೆಗೆ ನಿಲ್ಲಿಸುವುದಕ್ಕೂ, ಇಳಿಸುತ್ತಾ ಬಂದು 6ಕ್ಕೆ ನಿಲ್ಲಿಸುವುದಕ್ಕೂ ತೂಕ ಒಂದೇ ಬರುವುದಿಲ್ಲ. ಇಳಿಸಬೇಕಾದಾಗ ಅರ್ಧ ಸುತ್ತು ಕೆಳಗೆ ಹೋಗಿ, ಕೆಳಗಿನಿಂದ ಮೇಲಕ್ಕೆ ಬಂದೇ ನಿಲ್ಲಿಸಿ. ಯಾವಾಗಲೂ ಒಂದೇ ಕಡೆಯಿಂದ.

ಪ್ರತಿ ಬದಲಾವಣೆಯ ನಂತರ ಹತ್ತು ಸುರಿವಿನ ಸರಾಸರಿ ಜೊತೆಗೆ ಐದನ್ನು ಬಿಡಿಬಿಡಿಯಾಗಿ ತೂಗಿ. ಸರಾಸರಿ ಸರಿ ಇದ್ದೂ ಒಂದು ಹೆಚ್ಚು, ಒಂದು ಕಡಿಮೆ ಬೀಳುತ್ತಿರಬಹುದು. ತಕ್ಕಡಿಯನ್ನು ಚೆಕ್ ವೆಯ್ಟ್ (ತೂಕ ಗೊತ್ತಿರುವ ಬಟ್ಟು) ಇಟ್ಟು ನೋಡಿಕೊಳ್ಳಿ. ಎಲೆಕ್ಟ್ರಾನಿಕ್ ಆದರೆ ಮೊದಲೇ ಆನ್ ಮಾಡಿ ಬೆಚ್ಚಗಾಗಲು ಬಿಡಿ, ಫ್ಯಾನ್ ಗಾಳಿ ಬೀಳಬಾರದು.

ಗುರಿಕಾರ

ಇದಕ್ಕೊಂದು ಪೂರಕ. ನಾಬ್ ಕೈಗೆ ಸುಲಭ ಅಂದಮೇಲೆ ಅಂಗಿಯ ತೋಳಿಗೂ ಸುಲಭ. ಹೊಂದಿಸಿದ ಮೇಲೆ ನಾಬ್ ಮತ್ತು ಬಾರ್ ಎರಡಕ್ಕೂ ಅಡ್ಡಲಾಗಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ದೂರದಿಂದಲೇ ಕಾಣುತ್ತದೆ. ಐವತ್ತು ಕೇಸ್‌ಗೊಮ್ಮೆ ಒಂದನ್ನು ತೂಗಿ. 9 ಎಂಎಂ ಕೇಸ್‌ನಲ್ಲಿ ಬಿರುಸಾಗಿ ಉರಿಯುವ ಕೆಲವು ಮದ್ದು ಎರಡು ಸಲ ಬಿದ್ದರೂ ತುಳುಕುವುದಿಲ್ಲ, 550ರಲ್ಲಿ ಶೆಲ್‌ಪ್ಲೇಟ್ (ಕೇಸ್‌ಗಳನ್ನು ಹಿಡಿಯುವ ತಟ್ಟೆ) ತಿರುಗಿಸುವುದು ಕೈಯಿಂದಲೇ, ಮರೆತರೆ ಅದೇ ಕೇಸ್‌ಗೆ ಮತ್ತೆ ಮದ್ದು ಬೀಳುತ್ತದೆ. ಗುಂಡು ಇಡುವ ಮುನ್ನ ಪ್ರತಿ ಕೇಸ್ ಒಳಗೆ ಕಣ್ಣು ಹಾಯಿಸಲೇಬೇಕು. ಬೆಳಕು ಸಾಲದಿದ್ದರೆ ಪ್ರೆಸ್‌ಗೆ ಎಲ್ಇಡಿ ಪಟ್ಟಿ ಅಂಟಿಸಿ.

ಕಾವೇರಿ_ಓಹಾಯೋ

ನನ್ನದು ಲೀ ಆಟೋ-ಡಿಸ್ಕ್ ಪೌಡರ್ ಮೆಷರ್. ಅದಕ್ಕೂ ಇದೇ ರೀತಿ ನಾಬ್ ಕೂರಿಸಬಹುದೇ?

ಹುಬ್ಬಳ್ಳಿ_ಬೆಂಚ್

ಇಲ್ರಿ ಅಕ್ಕಾರ. ಆಟೋ-ಡಿಸ್ಕ್‌ನ್ಯಾಗ ತೂತುಗಳ ಗಾತ್ರ ಕಾಯಂ, ತಿರುಗಿಸಲಿಕ್ಕೆ ಬೋಲ್ಟೇ ಇಲ್ಲ. ಲೀ ಅವರದೇ ಹೊಂದಿಸೋ ಚಾರ್ಜ್ ಬಾರ್ ಬರ್ತದ, ಡಿಸ್ಕ್ ಜಾಗಾಕ್ಕ ಅದನ್ನ ಹಾಕ್ರಿ. ಡಿಸ್ಕ್‌ನ ತೂತು ಕೊರೆದು ದೊಡ್ಡದು ಮಾಡೋ ಉಪಾಯ ಯಾರರೆ ಹೇಳಿದ್ರ ಕೇಳಬ್ಯಾಡ್ರಿ, ಆಮೇಲೆ ಆ ತೂತಿನ ಮ್ಯಾಲಿನ ನಂಬರ್ ಸುಳ್ಳಾಗ್ತದ, ಮುಂದ ಆ ಡಿಸ್ಕ್ ಯಾರ ಕೈಗೆ ಹೋದ್ರೂ ಅಪಾಯ.