ಚೀಲದಾಗಿನ ಚೆಂಡು: ಉತ್ತರ 1ನ್ನ ದಾಟಾಕತ್ತೈತಿ, ತಪ್ಪು ಎಲ್ಲೈತಿ?

ಪ್ರಶ್ನೆ (ಗದಗ)
ಚೀಲದಾಗ 5 ಕೆಂಪು, 4 ಹಸಿರು, 3 ನೀಲಿ ಚೆಂಡು ಅದಾವ. ನೋಡದ ಒಮ್ಮೆಲೆ 3 ತೆಗೀಬೇಕು. ಕಡಿಮಿ ಅಂದ್ರೂ ಒಂದು ಕೆಂಪು ಬರೋ ಸಂಭವನೀಯತೆ ಎಷ್ಟು? ಮೊದಲ ಒಂದು ಕೆಂಪು ಆರಿಸಾಕ 5ಸಿ1 (ಅಂದ್ರ 5ರಾಗ 1 ಆರಿಸೋ ದಾರಿ ಎಷ್ಟು ಅನ್ನೋದು) = 5. ಉಳಿದ 11ರಾಗ ಯಾವ್ದರ ಎರಡು, 11ಸಿ2 = 55. ಗುಣಿಸಿದ್ರ 275. ಒಟ್ಟು 12ಸಿ3 = (12×11×10)÷6 = 220. ಅಂದ್ರ 275/220, 1.25! ಸೂತ್ರದಾಗಂತೂ ತಪ್ಪು ಕಾಣವಲ್ದು.

ಉತ್ತರ (ಧಾರವಾಡ)
ಗುಣಾಕಾರ ಸರಿನ ಅದ. ಒಂದ ಆಯ್ಕೆನ ಮತ್ತ ಮತ್ತ ಎಣಿಸೀರಿ, ಅಷ್ಟ. ಕೆಂಪು ಚೆಂಡಿಗೆ ಕೆ1, ಕೆ2… ಹಸಿರಿಗೆ ಹ1, ಹ2… ಅಂತ ಗುರುತು ಹಾಕ್ರಿ. ಕೈಯಾಗ ಕೆ1, ಕೆ2, ಹ1 ಬಂದಾವ ಅನ್ರಿ. ನಿಮ್ಮ ಲೆಕ್ಕದಾಗ "ಮೊದಲ ಕೆ1, ಆಮ್ಯಾಲೆ ಕೆ2 ಹ1" ಒಂದು, "ಮೊದಲ ಕೆ2, ಆಮ್ಯಾಲೆ ಕೆ1 ಹ1" ಇನ್ನೊಂದು. ಚೆಂಡು ಮಾತ್ರ ಅವ ಮೂರು! ಮೂರೂ ಕೆಂಪಿದ್ರ ಮೂರು ಸಲ ಎಣಿಸಿದಂಗ.

ಬಿಡಿಸಿ ನೋಡ್ರಿ. ಸರಿಯಾಗಿ ಒಂದು ಕೆಂಪು: 5ಸಿ1×7ಸಿ2 = 105. ಎರಡು: 5ಸಿ2×7ಸಿ1 = 70. ಮೂರು: 5ಸಿ3 = 10. ಕೂಡಿಸಿದ್ರ 185. ನಿಮ್ಮ 275 ಅಂದ್ರ 105 + 2×70 + 3×10.

"ಕಡಿಮಿ ಅಂದ್ರೂ ಒಂದು" ಅಂತ ಕಂಡ ಕೂಡಲೆ ಪೂರಕ ಘಟನೆ (ಅಂದ್ರ ಕೇಳಿದ್ದು ಆಗದ ಇರೋದು) ಹಿಡೀರಿ. ಒಂದೂ ಕೆಂಪಿಲ್ಲ ಅಂದ್ರ 7ಸಿ3 = 35; 1 − 35/220 = 37/44. ಮುಗೀತು.

1ನ್ನ ದಾಟಿದ್ದು ಛಲೋನ ಆತು. ಮೂರರ ಬದಲಿ ಎರಡ ಚೆಂಡು ತೆಗೆಯೋ ಲೆಕ್ಕ ಇದ್ದಿದ್ರ ಇದ ದಾರಿಲೆ 55/66 ಬರ್ತಿತ್ತು, ಯಾರಿಗೂ ಸಂಶಯ ಬರ್ತಿರಲಿಲ್ಲ. ಖರೆ ಉತ್ತರ 45/66.

ಪ್ರಶ್ನೆ ಕೇಳಿದವರು
ತಿಳೀತ್ರಿ. ಆದ್ರ ಕೆಂಪು ಚೆಂಡೆಲ್ಲ ಒಂದ ನಮೂನಿ ಇರುವಾಗ ಕೆ1, ಕೆ2 ಅಂತ ಯಾಕ ಬ್ಯಾರೆ ಮಾಡಬೇಕು?

ಉತ್ತರ (ಹುಬ್ಬಳ್ಳಿ)
ಬಣ್ಣ ಒಂದನ್ನ ನೋಡಿದ್ರ 10 ನಮೂನಿ ಆಗ್ತಾವ, ಆದ್ರ ಅವು ಸಮ ತೂಕದವಲ್ಲ. ಮೂರೂ ನೀಲಿ ಬರಾಕ ಒಂದ ದಾರಿ ಐತಿ. ಮೂರು ಬ್ಯಾರೆ ಬ್ಯಾರೆ ಬಣ್ಣ ಬರಾಕ 5×4×3 = 60 ದಾರಿ. ಎರಡಕ್ಕೂ 1/10 ಅಂತ ಬರದ್ರ ಹೆಂಗ?

ಒಂದೊಂದ ತೆಗೆದೂ ತಾಳೆ ನೋಡಬಹುದು: 5/12×4/11×3/10 = 1/22. ಇದು ಕೆಂಪು–ಹಸಿರು–ನೀಲಿ ಅನ್ನೋ ಒಂದ ಸರತಿದು. ಸರತಿ 6 ಅದಾವ, 6/22 = 3/11; 60/220 ಅಂದ್ರೂ ಅದ. ಈ 6 ಮರೆಯೋರ ಭಾಳ. ಇನ್ನ ತೆಗೆದ ಚೆಂಡನ್ನ ಪ್ರತಿ ಸಲ ವಾಪಸ್ ಹಾಕೋದಿದ್ರ 12ಸಿ3 ನಡೆಯಂಗಿಲ್ಲ, ಛೇದ 12×12×12 = 1728.

ಉತ್ತರ (ಹಾವೇರಿ)
ಮಕ್ಕಳಿಗೆ ತೋರಿಸೋದಿದ್ರ ಒಂದ ಅಳತಿಯ ಅಂಗಿ ಗುಂಡಿ ಮೂರು ಬಣ್ಣದಾಗ ತಗೋರಿ. ಕಡ್ಲಿ, ಹೆಸರು, ಅಲಸಂದಿ ಬ್ಯಾಡ, ಬೆರಳಿಗೆ ಗೊತ್ತಾಗಿಬಿಡ್ತಾವ. 3 ತೆಗೀರಿ, ಬರೀರಿ, ಮೂರನ್ನೂ ಹಾಕಿ ಚಲೋತ್ನ್ಯಾಗ ಅಲುಗಾಡಿಸ್ರಿ. 44 ಸಲಕ್ಕ "ಸರಿಯಾಗಿ ಎರಡು ಕೆಂಪು" 14ರ ಸುತ್ತ ಬರಬೇಕು. 10 ಬಂದ್ರೂ 18 ಬಂದ್ರೂ ಗಾಬರಿ ಬ್ಯಾಡ; 30 ಬಂದ್ರ ಯಾರೋ ಚೀಲದಾಗ ಇಣುಕಾಕತ್ತಾರ.