ಬೆಳಗ್ಗೆ ಕೆಮ್ಮು, ಗೊರಸಿನಲ್ಲಿ ನಾತ: ಲಾಯದಲ್ಲಿ ಏನು ಸರಿಪಡಿಸಬೇಕು?

ಪ್ರಶ್ನೆ: ತಲಾ 450 ಕೆ.ಜಿ. ತೂಗುವ ಎರಡು ಕುದುರೆಗಳಿವೆ. ಚಳಿಗೆಂದು ಲಾಯದ ಕಿಟಕಿ ಮುಚ್ಚಿ ತಿಂಗಳಾಯಿತು. ಒಂದು, ಹುಲ್ಲಿಗೆ ಬಾಯಿ ಹಾಕಿದ ಕೂಡಲೇ ಕೆಮ್ಮುತ್ತದೆ. ಇನ್ನೊಂದರ ಹಿಂಗಾಲಿನ ಗೊರಸಿನಲ್ಲಿ ಕಪ್ಪು ರಸ, ಕೊಳೆತ ವಾಸನೆ. ತಿಳಿದವರು ಹೇಳಿ.

ಉತ್ತರ 1: ಮೊದಲು ಕಿಟಕಿ ತೆಗೆಯಿರಿ. ಒಣಗಿದ ಮೈಯ ಆರೋಗ್ಯವಂತ ಕುದುರೆ ಚಳಿ ತಡೆಯುತ್ತದೆ, ಕಟ್ಟಿಹೋದ ಗಾಳಿಯನ್ನು ತಡೆಯುವುದಿಲ್ಲ. ಮೈಮೇಲೆ ನೇರವಾಗಿ ಗಾಳಿ ಬೀಸದಿದ್ದರಾಯಿತು. ಮಾಡಿನಡಿ ಕಿಂಡಿ ಇರಲೇಬೇಕು, ಬಿಸಿಗಾಳಿಯೂ ತೇವವೂ ಅಲ್ಲಿಂದಲೇ ಹೊರಹೋಗುವುದು.

ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಒಳಗೆ ಕುಕ್ಕರಗಾಲಲ್ಲಿ ಕೂತು, ನೆಲದಿಂದ ಒಂದಡಿ ಎತ್ತರದಲ್ಲಿ ಉಸಿರೆಳೆದು ನೋಡಿ. ನಿಂತಾಗ ಏನೂ ಅನ್ನಿಸದಿದ್ದರೂ ಅಲ್ಲಿ ಮೂಗು ಚುರುಗುಟ್ಟಿದರೆ ಅದು ಮೂತ್ರದಿಂದೇಳುವ ಅಮೋನಿಯಾ. ಕುದುರೆ ತಲೆ ತಗ್ಗಿಸಿ ತಿನ್ನುವಾಗ, ಮಲಗಿದಾಗ ಅದರ ಮೂಗು ಇರುವುದು ಅಷ್ಟೇ ಎತ್ತರದಲ್ಲಿ. ಲದ್ದಿ ಎತ್ತಿ ಮೇಲೆ ಹೊಸ ಹಾಸು ಹರಡುವುದು ಬಹಳ ಕಡೆ ನಡೆಯುವ ತಪ್ಪು. ಒಣಗಿದ ಹಾಸನ್ನು ಗೋಡೆಗೆ ಒತ್ತರಿಸಿ, ಒದ್ದೆಯಾದದ್ದನ್ನು ನೆಲ ಕಾಣುವವರೆಗೂ ತೆಗೆದು, ನೆಲ ಆರಿದ ಮೇಲೆ ಮತ್ತೆ ಹರಡಿ. ಇದು ದಿನವೂ ಆಗಬೇಕು, ಕುದುರೆ ಹೊರಗಿರುವಾಗ. ಗುಡಿಸಿದ ಮೇಲೆ ಧೂಳು ಇಳಿಯುವವರೆಗೆ ಒಳಗೆ ತರಬೇಡಿ.

ಉತ್ತರ 2: ಗಾಳಿಯ ಮಾತು ಸರಿ, ಆದರೆ ಹುಲ್ಲಿಗೆ ಬಾಯಿ ಹಾಕಿದಾಗಲೇ ಕೆಮ್ಮು ಅಂದರೆ ಹುಲ್ಲಿನಲ್ಲೇ ಧೂಳು, ಬೂಷ್ಟು ಇದ್ದಂತೆ. ಒಂದು ಹಿಡಿ ಬಿಸಿಲಿಗೆ ಹಿಡಿದು ಕೊಡವಿ ನೋಡಿ, ಹೊಗೆಯಂತೆ ಎದ್ದರೆ ಅದೇ ಕಾರಣ. ಒಳ್ಳೆಯ ಒಣಹುಲ್ಲನ್ನೂ ಅರ್ಧ ಗಂಟೆ ನೀರಲ್ಲಿ ಮುಳುಗಿಸಿ, ಬಸಿದು, ಒದ್ದೆಯಿರುವಾಗಲೇ ಹಾಕಿ. ಬಹಳ ಹೊತ್ತು ಬಿಟ್ಟರೆ ಹುಳಿಯುತ್ತದೆ. ಬೂಷ್ಟು ಹಿಡಿದದ್ದನ್ನು ನೆನೆಸಿಯೂ ಕೊಡಬೇಡಿ, ಎಸೆಯಿರಿ. ಹುಲ್ಲು ತುಂಬಿ ಎತ್ತರದಲ್ಲಿ ತೂಗುಹಾಕುವ ಬಲೆಗಿಂತ ನೆಲಮಟ್ಟದಲ್ಲಿ ಹಾಕುವುದು ಮೇಲು: ತಲೆ ತಗ್ಗಿದಾಗ ಶ್ವಾಸನಾಳದ ಕಫ ತಾನಾಗಿ ಇಳಿಯುತ್ತದೆ. ಹುಲ್ಲಿನ ದಾಸ್ತಾನು ಲಾಯದ ಅಟ್ಟದ ಮೇಲಿದ್ದರೆ ಧೂಳು ಮೇಲಿಂದ ಉದುರುತ್ತಲೇ ಇರುತ್ತದೆ, ಇದೆಲ್ಲ ವ್ಯರ್ಥ.

ತೂಕದ ಶೇ. 2ರ ಲೆಕ್ಕದಲ್ಲಿ ನಿಮ್ಮ ಒಂದೊಂದು ಕುದುರೆಗೂ ದಿನಕ್ಕೆ 9 ಕೆ.ಜಿ. ಹುಲ್ಲು. ನೆನೆಸುವ ಮೊದಲೇ ತೂಗಿ, ಮೂರು ನಾಲ್ಕು ಸಲಕ್ಕೆ ಹಂಚಿ.

ಉತ್ತರ 3: ಗೊರಸಿನ ವಿಷಯಕ್ಕೆ ಬರುತ್ತೇನೆ. ಅಂಗಾಲಿನ ನಡುವೆ ತ್ರಿಕೋನಾಕಾರದ ಮೆತ್ತನೆ ಭಾಗವಿದೆಯಲ್ಲ, ಅದರ ಎರಡು ಬದಿಯ ಸೀಳಿನಲ್ಲಿ ಒದ್ದೆ ಲದ್ದಿ ಕೂತು, ಗಾಳಿಯಾಡದೆ ಕೊಳೆಯುತ್ತದೆ. ಗೊರಸು ಕೆದಕುವ ಕೊಕ್ಕೆಯನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಎಳೆಯಿರಿ, ಎದುರು ದಿಕ್ಕಿಗೆ ಎಳೆದರೆ ಮೆತ್ತನೆ ಭಾಗಕ್ಕೆ ಚುಚ್ಚುತ್ತದೆ. ಆಮೇಲೆ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಸೀಳಿನ ತಳದವರೆಗೂ ಒರೆಸಿ, ಪೊವಿಡೋನ್ ಅಯೋಡಿನ್ ಎಂಬ ಸೋಂಕುನಾಶಕ ಹಚ್ಚಿ. ಒದ್ದೆಯ ಮೇಲೆ ಹಚ್ಚಿದ ಔಷಧಿ ನಿಲ್ಲುವುದಿಲ್ಲ. ದಿನಕ್ಕೆ ಎರಡು ಸಲ ಗೊರಸು ಕೆದಕಿ, 6–8 ವಾರಕ್ಕೊಮ್ಮೆ ಕತ್ತರಿಸಿ. ಮುಟ್ಟಿದರೆ ಕಾಲು ಕಿತ್ತುಕೊಳ್ಳುತ್ತಿದ್ದರೆ, ರಕ್ತ ಬಂದರೆ ವೈದ್ಯರನ್ನು ಕರೆಸಿ. ಧನುರ್ವಾಯು ಲಸಿಕೆ ಬಾಕಿಯಿದೆಯೇ ಎಂದೂ ನೋಡಿಸಿ, ಕುದುರೆಗಳಿಗೆ ಆ ರೋಗ ಬಲುಬೇಗ ತಗಲುತ್ತದೆ.

ಉತ್ತರ 4: ಕೆಮ್ಮುವ ಕುದುರೆಯ ಜ್ವರ ಈವತ್ತೇ ನೋಡಿ. ವಿಶ್ರಾಂತಿಯಲ್ಲಿ 37.5–38.5 ಡಿಗ್ರಿ ಸೆಲ್ಸಿಯಸ್, ನಿಮಿಷಕ್ಕೆ 8–16 ಉಸಿರು ಸಹಜ. ಜ್ವರವಿದ್ದರೆ, ಮೂಗಿನಿಂದ ಹಳದಿ ಸಿಂಬಳ ಸುರಿದರೆ ಅದು ಧೂಳಿನ ಕೆಮ್ಮಲ್ಲ, ಸೋಂಕು. ಕೂಡಲೇ ಬೇರೆ ಕಟ್ಟಿ, ಬಕೆಟ್ಟೂ ಬೇರೆ ಇಡಿ. ಇನ್ನೊಂದರ ಕೆಲಸ ಮುಗಿಸಿಯೇ ಇದರ ಹತ್ತಿರ ಹೋಗಿ.